ಕೂಗಳತೆಯ ಆಚೆ

ತುಮಕೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತರಬೇತಿ ಕೊಡುವ ಒಂದು ಕಡೆ ನಾನು ವಾರಕ್ಕೆ ಮೂರು ದಿನ ಬೆಳಿಗ್ಗೆ ಏಳು ಗಂಟೆಗೆ ಗಣಿತ ಪಾಠ ಮಾಡುತ್ತೇನೆ. ಓದುತ್ತಿರುವುದು ಕನ್ನಡ. ಶಾಸನಗಳಲ್ಲೂ ಆಡುಮಾತಿನಲ್ಲೂ ಬರುವ ಅಳತೆಯ ಪದಗಳು ನನ್ನ ಪಿಎಚ್.ಡಿ. ವಿಷಯ. ಸಂಶೋಧನಾ ವಿದ್ಯಾರ್ಥಿಯ ಜೇಬು ಎಂಥದ್ದೆಂದು ಗೊತ್ತಿರುವವರಿಗೆ ಈ ಎರಡಕ್ಕೂ ಇರುವ ಸಂಬಂಧವನ್ನು ವಿವರಿಸಬೇಕಿಲ್ಲ. ನನ್ನ ಎದುರು ಕೂರುವವರು ಎಸ್‌ಡಿಎ, ಪಿಡಿಒ, ಪೊಲೀಸ್ ಕಾನ್ಸ್‌ಟೆಬಲ್ ಹುದ್ದೆಗಳ ಕನಸಿನ ಹುಡುಗ ಹುಡುಗಿಯರು. ಅವರಿಗೆ ಬೇಕಾದ ಅಧ್ಯಾಯಗಳಲ್ಲಿ ‘ವೇಗ, ದೂರ, ಕಾಲ’ ಒಂದು.

ಆ ಅಧ್ಯಾಯವನ್ನು ನಾನು ಯಾವಾಗಲೂ ಒಂದೇ ಲೆಕ್ಕದಿಂದ ಶುರು ಮಾಡುತ್ತೇನೆ. ಕುಣಿಗಲ್‌ನಿಂದ ತುಮಕೂರಿಗೆ 36 ಕಿ.ಮೀ. ಎಂದಿಟ್ಟುಕೊಳ್ಳಿ. ಒಬ್ಬ ಹೋಗುವಾಗ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುತ್ತಾನೆ, ಬರುವಾಗ 60ರಲ್ಲಿ ಬರುತ್ತಾನೆ. ಅವನ ಸರಾಸರಿ ವೇಗ ಎಷ್ಟು? ಇಡೀ ಕೊಠಡಿ ಒಂದೇ ದನಿಯಲ್ಲಿ ‘ಐವತ್ತು’ ಎನ್ನುತ್ತದೆ. ಅಲ್ಲ. ಹೋಗಲು 54 ನಿಮಿಷ, ಬರಲು 36 ನಿಮಿಷ, ಒಟ್ಟು 90 ನಿಮಿಷದಲ್ಲಿ 72 ಕಿ.ಮೀ. ಅಂದರೆ ಗಂಟೆಗೆ 48. ಎರಡು ಕಿಲೋಮೀಟರ್ ಎಲ್ಲಿ ಹೋಯಿತು ಎಂದು ಮಕ್ಕಳು ಹುಡುಕುತ್ತಾರೆ. ಎಲ್ಲೂ ಹೋಗಿಲ್ಲ. ನಿಧಾನವಾಗಿ ಹೋಗುವಾಗ ನಾವು ಹೆಚ್ಚು ಹೊತ್ತು ಹೋಗುತ್ತಿರುತ್ತೇವೆ, ಹಾಗಾಗಿ ಸರಾಸರಿಯಲ್ಲಿ ನಿಧಾನಕ್ಕೆ ತೂಕ ಹೆಚ್ಚು.

ಆಮೇಲೆ ಇನ್ನೊಂದು ಪ್ರಶ್ನೆ. ಅದೇ 36 ಕಿ.ಮೀ. ಅನ್ನು ಸರಾಸರಿ 60ರ ವೇಗದಲ್ಲಿ ಮುಗಿಸಬೇಕು. ಮೊದಲ ಅರ್ಧ ದಾರಿ 30ರಲ್ಲೇ ಸಾಗಿತು. ಉಳಿದ ಅರ್ಧವನ್ನು ಎಷ್ಟು ವೇಗದಲ್ಲಿ ಹೋಗಬೇಕು? ‘ತೊಂಬತ್ತು’ ಎನ್ನುತ್ತಾರೆ. ಸರಿಯಾದ ಉತ್ತರವೆಂದರೆ, ಯಾವ ವೇಗದಲ್ಲಿ ಹೋದರೂ ಆಗುವುದಿಲ್ಲ. 60ರ ಸರಾಸರಿಗೆ ನಮಗಿದ್ದದ್ದು ಒಟ್ಟು 36 ನಿಮಿಷ. 18 ಕಿ.ಮೀ. ಅನ್ನು 30ರಲ್ಲಿ ಬಂದಾಗಲೇ ಆ 36 ನಿಮಿಷ ಮುಗಿದಿದೆ. ಉಳಿದ ದಾರಿಗೆ ಉಳಿದ ಕಾಲ ಸೊನ್ನೆ. ಕಳೆದುಹೋದ ಹೊತ್ತನ್ನು ವೇಗದಿಂದ ತುಂಬಿಕೊಳ್ಳಬಹುದು ಎಂಬ ನಂಬಿಕೆಯನ್ನು ಈ ಲೆಕ್ಕ ಎರಡೇ ಸಾಲಿನಲ್ಲಿ ಮುರಿಯುತ್ತದೆ. ಇದನ್ನು ನಾನು ಹತ್ತಾರು ಬಾರಿ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೂ ಒಂದು ಜನವರಿಯ ಬೆಳಿಗ್ಗೆ ಇದು ನನ್ನ ನೆನಪಿಗೆ ಬರಲಿಲ್ಲ.

ನಮ್ಮ ಮನೆ ಕುಣಿಗಲ್‌ನಲ್ಲಿ. ಅಂದು ಎದ್ದದ್ದೇ ತಡ, ಹೊರಟದ್ದು ಇನ್ನೂ ತಡ. ದಾರಿಯುದ್ದಕ್ಕೂ ಮಂಜು. ಹೆಬ್ಬೂರಿನ ಹತ್ತಿರ, ಹೆಚ್ಚುಕಡಿಮೆ ಅರ್ಧ ದಾರಿಗೆ ಬಂದಾಗ ಗಡಿಯಾರ ನೋಡಿದೆ. ಆರೂ ಐವತ್ತು. ಇನ್ನು ಹತ್ತು ನಿಮಿಷದಲ್ಲಿ 18 ಕಿ.ಮೀ. ಅಂದರೆ ಗಂಟೆಗೆ 108. ಎಪ್ಪತ್ತು ದಾಟಿದರೆ ಮೈಯೆಲ್ಲ ನಡುಗುವ ನನ್ನ ಹಳೆಯ ಬೈಕಿಗೆ ಅದು ಆಗದ ಮಾತು. ಎಷ್ಟೇ ಓಡಿಸಿದರೂ ತಡ ತಡವೇ. ಆದರೂ ಆ್ಯಕ್ಸಿಲರೇಟರ್ ತಿರುವಿದೆ. ಮುಳ್ಳು 70ರ ಮೇಲೆ ಹೋಯಿತು.

ಹೆಬ್ಬೂರು ದಾಟಿದ ಮೇಲೆ ಒಂದು ಕುರಿಮಂದೆ ರಸ್ತೆ ದಾಟುತ್ತಿತ್ತು. ಮಂಜಿನಲ್ಲಿ ಮೊದಲು ಕಂಡದ್ದು ಬಿಳಿ ಪಂಚೆ, ಆಮೇಲೆ ಕಂಬಳಿ, ಆಮೇಲೆ ಕುರಿಗಳು. ಬ್ರೇಕ್ ಹಿಡಿದೆ. ಹಿಂದಿನ ಚಕ್ರ ಜಾರಿತು. ಮಂದೆಯ ತುದಿಯಲ್ಲಿ ಹಿಂದುಳಿದಿದ್ದ ಒಂದು ಮರಿಗೆ ಬೈಕು ತಾಗಿ ಅದು ಉರುಳಿತು. ನಾನು ಓಲಾಡಿದೆ, ಬೀಳಲಿಲ್ಲ. ಹಿಂದಿನಿಂದ ಒಂದು ಕೂಗು ಕೇಳಿಸಿತು. ಮಾತು ತಿಳಿಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಕಂಬಳಿ ಹೊದ್ದ ಆಳು ಕೈ ಎತ್ತಿ ನಿಂತಿದ್ದ.

ಸುಮಾರು ಇನ್ನೂರು ಮೀಟರ್ ಮುಂದೆ ಹೋಗಿ ಒಂದು ಕಾಲು ನೆಲಕ್ಕೂರಿದೆ. ಗಡಿಯಾರ ನೋಡಿದೆ. ಮತ್ತೆ ಗಾಡಿ ಮುಂದಕ್ಕೆ ಬಿಟ್ಟೆ.

ತರಗತಿಗೆ ಹೋಗಿ ಸಾಪೇಕ್ಷ ವೇಗದ ಪಾಠ ಮಾಡಿದೆ. ಪಾಠ ಚೆನ್ನಾಗಿಯೇ ಆಯಿತು. ಅದನ್ನು ನೆನೆದರೆ ನನಗೆ ಇವತ್ತಿಗೂ ಕಸಿವಿಸಿ.

ಅಂದು ರಾತ್ರಿ ನಿದ್ದೆ ಬರದೆ ಒಂದು ಹಾಳೆ ತೆಗೆದುಕೊಂಡು ಲೆಕ್ಕ ಹಾಕಿದೆ. ಹೆಬ್ಬೂರಿನಿಂದ ಮುಂದೆ 60ರಲ್ಲಿ ಬಂದಿದ್ದರೆ 18 ನಿಮಿಷ ಹಿಡಿಯುತ್ತಿತ್ತು, ಎಂಟು ನಿಮಿಷ ತಡವಾಗುತ್ತಿದ್ದೆ. 72ರಲ್ಲಿ ಬಂದರೆ 15 ನಿಮಿಷ, ಐದು ನಿಮಿಷ ತಡ. ನಾನು ಆ ಮಂಜಿನಲ್ಲಿ ಪಣಕ್ಕಿಟ್ಟದ್ದು ಮೂರು ನಿಮಿಷಕ್ಕಾಗಿ. ವೇಗ ಹೆಚ್ಚಿದಷ್ಟೂ ಉಳಿಯುವ ಕಾಲ ಕಡಿಮೆಯಾಗುತ್ತ ಹೋಗುತ್ತದೆ ಎಂಬುದು ನಮ್ಮ ಮನಸ್ಸಿಗೆ ಸುಲಭವಾಗಿ ಹತ್ತುವುದಿಲ್ಲ. ಕುಣಿಗಲ್ ತುಮಕೂರಿನ ದಾರಿಯಲ್ಲಿ 40ರಿಂದ 60ಕ್ಕೆ ಏರಿದರೆ 18 ನಿಮಿಷ ಉಳಿಯುತ್ತದೆ. 60ರಿಂದ 80ಕ್ಕೆ ಏರಿದರೆ ಒಂಬತ್ತೇ ನಿಮಿಷ. 80ರಿಂದ 100ಕ್ಕೆ ಏರಿದರೆ ಐದೂವರೆಯೂ ಇಲ್ಲ. ಪ್ರತಿ ಸಲ ಏರಿಸಿದ್ದು ಅದೇ ಇಪ್ಪತ್ತು, ಆದರೆ ಪ್ರತಿ ಸಲ ಸಿಗುವ ಲಾಭ ಕಮ್ಮಿ.

ಅಪಾಯ ಇದರ ತಿರುವುಮುರುವು. ಕಂಡದ್ದು ಮನಸ್ಸಿಗೆ ತಟ್ಟಿ ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಬೇಕೆಂದುಕೊಳ್ಳೋಣ. ಬ್ರೇಕ್ ಹಿಡಿದ ಮೇಲೆ ಪ್ರತಿ ಸೆಕೆಂಡಿಗೆ ಸೆಕೆಂಡಿಗೆ ಐದು ಮೀಟರಿನಂತೆ ವೇಗ ಇಳಿಯುತ್ತದೆ ಎಂದುಕೊಳ್ಳೋಣ. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಆ ವೇಗದವನು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ 10 ಮೀಟರ್, ಆಮೇಲೆ 10 ಮೀಟರ್, ಒಟ್ಟು 20 ಮೀಟರಿನಲ್ಲಿ ನಿಲ್ಲುತ್ತಾನೆ. 72ರಲ್ಲಿ ಹೋಗುವವನಿಗೆ ಮೊದಲು 20, ಆಮೇಲೆ 40, ಒಟ್ಟು 60 ಮೀಟರ್ ಬೇಕು. ವೇಗ ಎರಡು ಪಟ್ಟಾದರೆ ನಿಲ್ಲುವ ದೂರ ಮೂರು ಪಟ್ಟು. ನಿಧಾನದವನು ಕಾಲು ನೆಲಕ್ಕೂರಿ ನಿಂತಿರುವ ಜಾಗದಲ್ಲಿ ವೇಗದವನು ಬ್ರೇಕನ್ನೇ ಇನ್ನೂ ಮುಟ್ಟಿರುವುದಿಲ್ಲ. 40 ಮೀಟರ್ ದೂರದಲ್ಲಿ ಕಂಡ ಮರಿಯನ್ನು ಅವನು ತಲುಪುವಾಗ, ಬ್ರೇಕ್ ಹಿಡಿದೇ ಇದ್ದರೂ, ಗಂಟೆಗೆ 51 ಕಿ.ಮೀ. ವೇಗ ಇನ್ನೂ ಉಳಿದಿರುತ್ತದೆ.

ಈ ಲೆಕ್ಕ ಮುಗಿಸಿದಾಗ ಒಂದು ಕ್ಷಣ ಸಮಾಧಾನವಾಯಿತು. ಮರಿಗೆ ತಾಗಿದ್ದು ನನ್ನ ಕೈಮೀರಿದ್ದು, ಆ ವೇಗದಲ್ಲಿ ಯಾರಿಗೂ ನಿಲ್ಲಿಸಲು ಆಗುತ್ತಿರಲಿಲ್ಲ ಎಂದುಕೊಂಡೆ. ಆಮೇಲೆ ಸಮಾಧಾನದ ಬುಡವೇ ಅಲುಗಿತು. ಆ ವೇಗವನ್ನು ಆರಿಸಿಕೊಂಡವನು ನಾನೇ. ಮತ್ತೆ, ಮುಂದಿನ ಇನ್ನೂರು ಮೀಟರಿನಲ್ಲಿ ಆದದ್ದಕ್ಕೆ ಯಾವ ಭೌತಶಾಸ್ತ್ರವೂ ನೆಪವಾಗುವುದಿಲ್ಲ. ಅಲ್ಲಿ ನಾನು ಪೂರ್ತಿ ನಿಂತಿದ್ದೆ. ವೇಗ ಸೊನ್ನೆ. ಅಲ್ಲಿಂದ ಹೋದದ್ದು ನಿರ್ಧಾರ.

ಇನ್ನೂರು ಮೀಟರ್ ಎಂದಾಗ ನನ್ನ ಸಂಶೋಧನೆಯ ಚೀಟಿಗಳಲ್ಲಿದ್ದ ಒಂದು ಪದ ತಾನಾಗಿ ಎದ್ದು ಬಂತು. ಕೂಗಳತೆ.

ನಮ್ಮ ಹಳೆಯ ಅಳತೆಗಳು ಬಹುಪಾಲು ಮೈಯಿಂದ, ಕೆಲಸದಿಂದ ಹುಟ್ಟಿದವು. ಗೇಣು, ಮೊಳ, ಮಾರು ಮೈಯ ಅಳತೆಗಳು. ಶಾಸನಗಳಲ್ಲಿ ಭೂಮಿಯನ್ನು ಬಿತ್ತುವ ಬೀಜದ ಲೆಕ್ಕದಲ್ಲಿ, ಖಂಡುಗದಲ್ಲಿ ಹೇಳುವುದುಂಟು. ದೂರಕ್ಕೆ ಹರದಾರಿ, ಗಾವುದಗಳಿದ್ದವು. ಇವುಗಳ ಅಳತೆ ಊರಿಂದೂರಿಗೆ ಬೇರೆಯಾಗುತ್ತಿತ್ತು. ಕೂಗಳತೆ ಮಾತ್ರ ಇವುಗಳ ನಡುವೆ ವಿಚಿತ್ರವಾದದ್ದು. ಒಬ್ಬ ಕೂಗಿದರೆ ಇನ್ನೊಬ್ಬನಿಗೆ ಕೇಳಿಸುವಷ್ಟು ದೂರ. ಅಂದರೆ ಈ ಅಳತೆಗೆ ಇಬ್ಬರು ಬೇಕು. ಒಬ್ಬ ಕೂಗಬೇಕು, ಇನ್ನೊಬ್ಬ ಓಗೊಡಬೇಕು. ಸಂಸ್ಕೃತದ ‘ಕ್ರೋಶ’ವೂ ಹೀಗೆಯೇ. ದಾರಿಯ ಅಳತೆಯಾದ ಆ ಪದದ ಮೂಲ ಅರ್ಥ ಕೂಗು. ನಾವು ಈಗಲೂ ಬಳಸುವ ‘ಆಕ್ರೋಶ’ದೊಳಗೆ ಇರುವುದು ಅದೇ ಕೂಗು.

ಗುಬ್ಬಿಯಲ್ಲಿರುವ ನಮ್ಮಜ್ಜಿಗೆ ಕಿಲೋಮೀಟರ್ ಇವತ್ತಿಗೂ ಒಗ್ಗಿಲ್ಲ. ತೋಟ ಎಷ್ಟು ದೂರ ಅಜ್ಜಿ ಎಂದರೆ ‘ಇಲ್ಲೇ ಕಣಪ್ಪ, ಎರಡು ಕೂಗು’ ಎನ್ನುತ್ತಾಳೆ. ಚಿಕ್ಕವನಿದ್ದಾಗ ನಗುತ್ತಿದ್ದೆ. ಈಗ ಅನ್ನಿಸುತ್ತದೆ, ಅವಳು ಹೇಳುತ್ತಿದ್ದುದು ದೂರವನ್ನಷ್ಟೇ ಅಲ್ಲ. ಅಲ್ಲಿ ಹಾವು ಕಂಡರೆ, ಕಾಲು ಜಾರಿದರೆ, ನಡುವೆ ಒಬ್ಬರು ನಿಂತಿದ್ದರೆ ಸುದ್ದಿ ಮನೆಗೆ ಮುಟ್ಟುತ್ತದೆ ಎಂಬುದನ್ನೂ ಸೇರಿಸಿ ಹೇಳುತ್ತಿದ್ದಳು.

ಬಯಲಿನಲ್ಲಿ ಒಂದು ಕೂಗು ಇನ್ನೂರು ಮೀಟರ್ ಮುಟ್ಟುತ್ತದೆ ಎಂದುಕೊಳ್ಳಿ. ಗಂಟೆಗೆ ಐದು ಕಿ.ಮೀ. ನಡೆಯುವವನು ಆ ಇನ್ನೂರು ಮೀಟರ್ ದಾಟಲು 2 ನಿಮಿಷ 24 ಸೆಕೆಂಡು ಬೇಕು. ಹದಿನೈದರ ವೇಗದ ಸೈಕಲ್ಲಿಗೆ 48 ಸೆಕೆಂಡು. 72ರ ಬೈಕಿಗೆ ಹತ್ತೇ ಸೆಕೆಂಡು. ನಡೆಯುವವನನ್ನು ಕೂಗಿ ಕರೆಯಬಹುದು, ಅವನು ತಿರುಗಿ ನೋಡಬಹುದು, ‘ಏನಂದೆ?’ ಎಂದು ಕೇಳಬಹುದು, ವಾಪಸು ಬರಬಹುದು. ಇಷ್ಟಕ್ಕೆಲ್ಲ ಹೊತ್ತಿದೆ. ಬೈಕಿನವನಿಗೆ ಹೆಲ್ಮೆಟ್ಟು, ಗಾಳಿ, ಎಂಜಿನ್ನಿನ ಸದ್ದು. ಕೂಗು ತಡವಾಗುವುದಿಲ್ಲ, ಅದು ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಬರುತ್ತದೆ, ಯಾವ ಬೈಕನ್ನಾದರೂ ಹಿಂದೆ ಹಾಕುತ್ತದೆ. ತಡವಾಗುವುದು ಕೇಳಿಸಿಕೊಳ್ಳುವುದು.

ಶಾಲೆಯಲ್ಲಿ ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸುವುದು ಎಂದು ಕಲಿತೆವು. ತಪ್ಪೇನಲ್ಲ. ಆ ಭಾಗಾಕಾರದ ಉತ್ತರ ನನ್ನದು ಮಾತ್ರ ಎಂದು ಕಾಣುವುದರಲ್ಲಿ ತಪ್ಪಿದೆ. ನನ್ನ ಬೈಕು, ನನ್ನ ಮುಳ್ಳು, ನನ್ನ ಅವಸರ. ಹಳೆಯ ಗಣಿತಜ್ಞರು ಇದನ್ನು ಇನ್ನೊಂದು ಬದಿಯಿಂದಲೂ ನೋಡಿದ್ದರು. ಆರ್ಯಭಟ 499ರ ತನ್ನ ‘ಆರ್ಯಭಟೀಯ’ದಲ್ಲಿ ಚಲಿಸುವ ಎರಡು ವಸ್ತುಗಳು ಸಂಧಿಸುವ ಕಾಲಕ್ಕೆ ಸೂತ್ರ ಕೊಡುತ್ತಾನೆ. ಎದುರುಬದುರಾಗಿ ಬರುತ್ತಿದ್ದರೆ ನಡುವಿನ ದೂರವನ್ನು ವೇಗಗಳ ಮೊತ್ತದಿಂದ ಭಾಗಿಸಬೇಕು, ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ವ್ಯತ್ಯಾಸದಿಂದ. ನಮ್ಮ ನಾಡಿನ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲೂ ಬೇರೆ ಬೇರೆ ವೇಗದಲ್ಲಿ ಹೊರಟ ದಾರಿಹೋಕರು ಎಂದು ಭೇಟಿಯಾದಾರು ಎಂಬ ಲೆಕ್ಕಗಳಿವೆ. ಅಲ್ಲಿ ಕೇಳುವ ಪ್ರಶ್ನೆ ‘ಎಷ್ಟು ಬೇಗ?’ ಎಂದಲ್ಲ, ‘ಯಾವಾಗ ಎದುರಾಗುತ್ತಾರೆ?’ ಎಂದು.

ಸಾಪೇಕ್ಷ ವೇಗವೆಂದರೆ ಇದೇ. ನಾನು 72ರಲ್ಲಿ ಹೋದರೆ ಆ ಅಂಕಿ ರಸ್ತೆ ದಾಟುವವನ ಬದುಕಿನ ಸಂಗತಿಯೂ ಆಗುತ್ತದೆ. ಎಷ್ಟು ಹೊತ್ತು ನಿಂತು ಕಾಯಬೇಕು, ಮಗುವಿನ ಕೈ ಎಷ್ಟು ಬಿಗಿಯಾಗಿ ಹಿಡಿಯಬೇಕು, ಕುರಿಗಳನ್ನು ಎಷ್ಟು ಅವಸರಿಸಬೇಕು ಎಂಬುದೆಲ್ಲ ನನ್ನ ಆ್ಯಕ್ಸಿಲರೇಟರಿನಲ್ಲಿ ತೀರ್ಮಾನವಾಗುತ್ತದೆ. ನಾನು ‘ಉಳಿಸಿದೆ’ ಎಂದುಕೊಳ್ಳುವ ಮೂರು ನಿಮಿಷವನ್ನು ದಾರಿಬದಿಯಲ್ಲಿ ಯಾರೋ ಕಾದು ಕೊಟ್ಟಿರುತ್ತಾರೆ. ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಂಜೆ ಹೊತ್ತು ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಆಚೆ ದಾಟಲು ನಿಂತಿರುವ ಹೆಂಗಸರನ್ನು ನೋಡಿದವರಿಗೆ ಇದು ಗೊತ್ತು.

ಕಾನೂನು ಈ ವಿಷಯದಲ್ಲಿ ನಾನು ಅಂದುಕೊಂಡದ್ದಕ್ಕಿಂತ ಸೂಕ್ಷ್ಮವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ 132ನೇ ಸೆಕ್ಷನ್ ಚಾಲಕ ಯಾವಾಗ ನಿಲ್ಲಿಸಬೇಕೆಂದು ಹೇಳುತ್ತದೆ. ಪ್ರಾಣಿಯೊಂದನ್ನು ನೋಡಿಕೊಳ್ಳುತ್ತಿರುವವನು, ವಾಹನಕ್ಕೆ ಬೆದರಿ ಅದು ಕೈಮೀರಿ ಹೋದೀತೆಂದು ನಿಲ್ಲಿಸಲು ಹೇಳಿದರೆ ಚಾಲಕ ನಿಲ್ಲಿಸಬೇಕು. ಪ್ರಾಣಿ ಎಂದರೆ ಯಾವುವು ಎಂಬ ಪಟ್ಟಿಯೂ ಅಲ್ಲಿದೆ: ಕುದುರೆ, ದನ, ಆನೆ, ಒಂಟೆ, ಕತ್ತೆ, ಹೇಸರಗತ್ತೆ, ಕುರಿ, ಮೇಕೆ. ಓದಿ ಬೆರಗಾದೆ. ಪೊಲೀಸನಲ್ಲ, ಅಧಿಕಾರಿಯಲ್ಲ, ಕುರಿ ಕಾಯುವವನ ಒಂದು ಕೂಗಿಗೆ ದೇಶದ ಕಾಯ್ದೆ ಬ್ರೇಕಿನ ಅಧಿಕಾರ ಕೊಟ್ಟಿದೆ. ನಾನು ಅದನ್ನೂ ಮೀರಿ ಹೋಗಿದ್ದೆ.

ಹಾಗಾದರೆ ನಾನು ಕೆಟ್ಟವನೇ? ಇದು ನನ್ನನ್ನು ನಿಜವಾಗಿ ಕಾಡಿದ ಪ್ರಶ್ನೆ. ಕುರಿಮರಿಯನ್ನು ಕಂಡರೆ ಎತ್ತಿಕೊಳ್ಳುವ ಜಾತಿಯವನು ನಾನು. ಅಂದು ಹತ್ತು ನಿಮಿಷ ಮುಂಚೆ ಹೊರಟಿದ್ದರೆ ಖಂಡಿತ ನಿಲ್ಲಿಸುತ್ತಿದ್ದೆ. ಹಾಗೆಂದರೆ ನನ್ನ ಒಳ್ಳೆಯತನ ಹತ್ತು ನಿಮಿಷದ ಮೇಲೆ ನಿಂತಿದೆಯೇ?

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿ 1973ರಲ್ಲಿ ಪ್ರಕಟಿಸಿದ್ದರು. ಪಾದ್ರಿಗಳಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಪಕ್ಕದ ಕಟ್ಟಡಕ್ಕೆ ಹೋಗಿ ಭಾಷಣ ಮಾಡಲು ಹೇಳಿದರು. ಕೆಲವರಿಗೆ ಭಾಷಣದ ವಿಷಯ, ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ನೆರವಾದ ಸಮಾರ್ಯದವನ ಬೈಬಲ್ ಕಥೆ. ಉಳಿದವರಿಗೆ ಬೇರೆ ವಿಷಯ. ಕೆಲವರಿಗೆ ‘ಆಗಲೇ ತಡವಾಗಿದೆ, ಓಡಿ’ ಎಂದರು, ಕೆಲವರಿಗೆ ‘ಈಗ ಹೊರಟರೆ ಸರಿಯಾಗುತ್ತದೆ’ ಎಂದರು, ಕೆಲವರಿಗೆ ‘ಇನ್ನೂ ಹೊತ್ತಿದೆ’ ಎಂದರು. ದಾರಿಯ ಓಣಿಯಲ್ಲಿ ಒಬ್ಬ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಅವನು ಪ್ರಯೋಗದ ಭಾಗವೆಂದು ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. ಹೊತ್ತಿದ್ದವರಲ್ಲಿ 63 ಪ್ರತಿಶತ ಮಂದಿ ನೆರವಾಗಲು ನಿಂತರು, ಸರಿಯಾದ ಹೊತ್ತಿಗೆ ಹೊರಟವರಲ್ಲಿ 45 ಪ್ರತಿಶತ, ತಡವಾದವರಲ್ಲಿ 10 ಪ್ರತಿಶತ. ಯಾವ ವಿಷಯದ ಮೇಲೆ ಭಾಷಣ ಮಾಡಲು ಹೊರಟಿದ್ದರು ಎಂಬುದು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. ಬಿದ್ದವನಿಗೆ ನೆರವಾಗುವ ಕಥೆಯನ್ನು ಮನಸ್ಸಿನಲ್ಲಿ ಉರುಹಾಕುತ್ತ ಬಿದ್ದವನನ್ನು ದಾಟಿ ಹೋದವರೂ ಅದರಲ್ಲಿದ್ದರು. ಸಾಪೇಕ್ಷ ವೇಗದ ಪಾಠ ಮಾಡಲು ಹೊರಟಿದ್ದ ನಾನು ಅವರ ಸಾಲಿಗೇ ಸೇರಿದವನು.

ಈ ಪ್ರಯೋಗವನ್ನು ‘ಮನುಷ್ಯನ ಗುಣ ಏನೂ ಅಲ್ಲ, ಸಂದರ್ಭವೇ ಎಲ್ಲ’ ಎಂದು ಓದುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವಸರ ಆಕಾಶದಿಂದ ಬೀಳುವುದಿಲ್ಲ. ಎಷ್ಟೋ ಸಲ ಅದನ್ನು ನಾವೇ ಹಿಂದಿನ ರಾತ್ರಿ ತಯಾರು ಮಾಡಿಟ್ಟಿರುತ್ತೇವೆ. ಹೆಬ್ಬೂರಿನ ಆಚೆ, ಗಡಿಯಾರ ನೋಡುತ್ತ ನಿಂತಾಗ, ಒಳ್ಳೆಯವನಾಗುವುದು ನನಗೆ ಕಷ್ಟವಿತ್ತು. ಕುಣಿಗಲ್‌ನ ಮನೆಯಲ್ಲಿ ಅಲಾರಂ ಬಾರಿಸಿದಾಗ ಅದು ಬಹಳ ಸುಲಭವಿತ್ತು. ನೈತಿಕತೆಯ ಪ್ರಶ್ನೆಯನ್ನು ನಾವು ಯಾವಾಗಲೂ ಕೊನೆಯ ಕ್ಷಣದಲ್ಲಿ, ಬ್ರೇಕಿನ ಹತ್ತಿರ ಕೇಳಿಕೊಳ್ಳುತ್ತೇವೆ. ಅಷ್ಟರಲ್ಲಿ 20 ಮೀಟರ್ ಆಗಲೇ ಕಳೆದಿರುತ್ತದೆ.

ಇಷ್ಟು ಬರೆದು ವೇಗವೇ ಪಾಪ ಎಂದುಬಿಟ್ಟರೆ ಅದು ಅರ್ಧ ಸತ್ಯ. ಹೋದ ವರ್ಷ ಅಜ್ಜಿಗೆ ಒಂದು ಬೆಳಿಗ್ಗೆ ಬಾಯಿ ಸೊಟ್ಟಗಾಗಿ ಎಡಗೈ ಬಿದ್ದುಹೋಯಿತು. ಗುಬ್ಬಿಯಿಂದ ತುಮಕೂರು ಸುಮಾರು 20 ಕಿ.ಮೀ. 108 ಬಂದು ಅವಳನ್ನು ಅರ್ಧ ಗಂಟೆಯೊಳಗೆ ಆಸ್ಪತ್ರೆಗೆ ತಂದಿತು. ಅವಳ ಅಜ್ಜಿಯ ಕಾಲದಲ್ಲಿ ಎತ್ತಿನ ಗಾಡಿಯಲ್ಲಿ ಇದೇ ದಾರಿಗೆ ಅರ್ಧ ದಿನ ಬೇಕಿತ್ತು. ಅಜ್ಜಿ ಇವತ್ತು ಕೋಲು ಹಿಡಿದು ನಡೆಯುತ್ತಾಳೆ, ‘ಎರಡು ಕೂಗು’ ಎನ್ನುತ್ತಾಳೆ. 2008ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾದ ಆ ವಾಹನದ ವೇಗಕ್ಕೆ ನಾನು ಋಣಿ. ಆದರೆ ಆ ವೇಗ ಕೂಗುತ್ತಲೇ ಹೋಗುತ್ತದೆ. ಸೈರನ್ ಹಾಕಿಕೊಂಡು, ದಾರಿಯವರನ್ನೆಲ್ಲ ಕೇಳಿಕೊಂಡು ಹೋಗುತ್ತದೆ. ನಾವೂ ಬದಿಗೆ ಸರಿದು ನಮ್ಮ ಹೊತ್ತನ್ನು ತಿಳಿದೇ ಕೊಡುತ್ತೇವೆ. ನನ್ನ ಮೂರು ನಿಮಿಷಕ್ಕಾಗಿ ನಾನು ಯಾರನ್ನೂ ಕೇಳಿರಲಿಲ್ಲ.

ಗುಬ್ಬಿ ಎಂದಾಗ ಇನ್ನೊಬ್ಬರ ನೆನಪಾಗದೆ ಇರುವುದಿಲ್ಲ. 2016ರ ಫೆಬ್ರುವರಿ, ನಾನಾಗ ಡಿಗ್ರಿ ಓದುತ್ತಿದ್ದೆ. ಗುಬ್ಬಿ ತಾಲ್ಲೂಕಿನ ಯುವಕ ಹರೀಶ್ ನಂಜಪ್ಪ ಊರಿಗೆ ಬಂದು ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದಾಗ ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಲಾರಿ ಅವರ ಮೇಲೆ ಹರಿಯಿತು. ತಾವು ಉಳಿಯುವುದಿಲ್ಲವೆಂದು ತಿಳಿದಿದ್ದ ಆ ಹೊತ್ತಿನಲ್ಲಿ ಅವರು ತಮ್ಮ ಅಂಗಾಂಗಗಳನ್ನು ದಾನ ಮಾಡಿ ಎಂದು ಹೇಳಿದರು. ಅವರ ಕಣ್ಣುಗಳು ದಾನವಾದವು. ಅದೇ ವರ್ಷ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ‘ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆ’ ತಂದಿತು. ಅಪಘಾತಕ್ಕೆ ಸಿಕ್ಕವರಿಗೆ ಮೊದಲ 48 ಗಂಟೆಗಳ ತುರ್ತು ಚಿಕಿತ್ಸೆ, 25,000 ರೂಪಾಯಿವರೆಗೆ ಉಚಿತ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಸೆಕ್ಷನ್ ಸೇರಿತು. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರನ್ನು ಕೇಸಿನಲ್ಲಿ ಸಿಕ್ಕಿಸುವಂತಿಲ್ಲ ಎಂದು ಅದು ಹೇಳುತ್ತದೆ.

ಆಗ ಆ ಸುದ್ದಿಯನ್ನು ತ್ಯಾಗದ ಕಥೆಯಾಗಿ ಓದಿದ್ದೆ. ಈಗ ನನ್ನ ಗಮನ ಬೇರೆಡೆ ಹೋಗುತ್ತದೆ. ಆ ಹೆದ್ದಾರಿಯಲ್ಲಿ ಎಲ್ಲವೂ ಓಡುತ್ತಿದ್ದಾಗ, ನೆಲದ ಮೇಲಿದ್ದ ಒಬ್ಬ ಮನುಷ್ಯ ಮಾತಾಡಿದ್ದರು, ಆ ಮಾತು ಇನ್ನೊಬ್ಬರ ಕಿವಿಗೆ ಬಿದ್ದಿತ್ತು. ಬಿದ್ದದ್ದರಿಂದಲೇ ಅದು ನಡೆಯಿತು. ಯಾರೂ ನಿಲ್ಲದೆ ಹೋಗಿದ್ದರೆ ಅಷ್ಟು ದೊಡ್ಡ ಮಾತೂ ಎಂಜಿನ್ನುಗಳ ಸದ್ದಿನಲ್ಲಿ ಕರಗುತ್ತಿತ್ತು. 48 ಗಂಟೆಯ ಯೋಜನೆಯಾಗಲಿ, ನೆರವಾದವರನ್ನು ಕಾಯುವ ಸೆಕ್ಷನ್ನಾಗಲಿ ಶುರುವಾಗುವುದು ಯಾರೋ ಒಬ್ಬರು ಗಾಡಿ ನಿಲ್ಲಿಸಿದ ಮೇಲೆ.

ಆ ಭಾನುವಾರ ಅಜ್ಜಿಯನ್ನು ನೋಡಲು ಗುಬ್ಬಿಗೆ ಹೊರಟವನು ಹೆಬ್ಬೂರಿನ ಮೇಲೆ ಹೋದೆ. ಮರಿಗೆ ತಾಗಿ ಆಗ ಮೂರು ದಿನವಾಗಿತ್ತು. ಚಹಾ ಅಂಗಡಿಯಲ್ಲಿ ಕೇಳಿದರೆ, ಮಂದೆ ಗುಬ್ಬಿ ದಿಕ್ಕಿಗೆ ಹೋಯಿತು ಎಂದರು. ಕುರಿಮಂದೆ ದಿನಕ್ಕೆ ಎಂಟು ಕಿ.ಮೀ. ಹೋದರೆ ಮೂರು ದಿನಕ್ಕೆ 24 ಎಂದು ಲೆಕ್ಕ ಹಾಕಿ ಗುಬ್ಬಿಯ ಹತ್ತಿರ ಹುಡುಕಿದೆ. ಸಿಗಲಿಲ್ಲ. ವಾಪಸು ಬರುವಾಗ ನಡುದಾರಿಯಲ್ಲಿ, ರಾಗಿ ಕೊಯ್ದ ಒಂದು ಹೊಲದಲ್ಲಿ ಸಿಕ್ಕಿತು. ಗೊಬ್ಬರಕ್ಕೆಂದು ಹೊಲದವರು ಮಂದೆ ನಿಲ್ಲಿಸಿಕೊಂಡಿದ್ದರು, ಎರಡು ರಾತ್ರಿ ಅಲ್ಲೇ. ಕುರಿಗಳಿಗೆ ಏಕರೂಪದ ವೇಗವಿರುವುದಿಲ್ಲ ಎಂಬುದನ್ನು ನನ್ನ ಸೂತ್ರ ಮರೆತಿತ್ತು.

ಕಂಬಳಿಯವರು ವಯಸ್ಸಾದವರು. ಗುರುತು ಹೇಳಿದೆ. ಸುಮ್ಮನೆ ನೋಡಿದರು. ಬಲೆ ಕಟ್ಟಿದ ಹಟ್ಟಿಯೊಳಗೆ ಮರಿ ಇತ್ತು. ಹಿಂಗಾಲಿಗೆ ಬಿದಿರಿನ ಸೀಳಿಟ್ಟು ಬಟ್ಟೆ ಸುತ್ತಿದ್ದರು.

‘ಔಷ್ದಿಗೆ ಏನಾದ್ರೂ ಇಟ್ಕಳಿ ಯಜಮಾನ್ರೆ’ ಎಂದು ಐನೂರರ ನೋಟು ತೆಗೆದೆ.

‘ಇರ್ಲಿ ಇಡು. ಕೂಡ್ಕಂತದೆ ಅದು.’ ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, ‘ಅವತ್ತು ಯಾಕಪ್ಪ ನಿಲ್ಸಲಿಲ್ಲ?’

‘ತಡ ಆಗಿತ್ತು. ನೀವು ಕೂಗಿದ್ದು ಕೇಳಿಸ್ತು. ಬೈತಿದೀರ ಅಂತ...’

‘ಬೈಯದಾ? ಗಾಡಿ ಓಲಾಡ್ತಲ್ಲ, ಬಿದ್ಯೇನೋ, ಏಟಾಯ್ತೇನೋ ಅಂತ ಕೂಗ್ದೆ ಕಣಪ್ಪ. ನೀನು ಹಂಗೇ ಹೋದೆ. ಮರೀನ ಎತ್ಕಂಡು ಆ ಕಡೆ ನೋಡ್ತಾನೇ ಇದ್ದೆ, ಮುಂದೆಲ್ಲಾದ್ರೂ ಬಿದ್ದಿದ್ದಾನಾ ಅಂತ.’

ನನಗೆ ಏನೂ ಹೇಳಲು ತೋಚಲಿಲ್ಲ. ಆ ಕೂಗನ್ನು ನಾನು ಆಕ್ರೋಶವೆಂದು ಕೇಳಿಸಿಕೊಂಡಿದ್ದೆ. ಹಾಗೆ ಕೇಳಿಸಿಕೊಂಡರೆ ಓಡಿಹೋಗುವುದು ಸುಲಭವಾಗುತ್ತದೆ. ಅದರ ಅರ್ಥ ತಿಳಿಯಬೇಕಿದ್ದರೆ ಇನ್ನೂರು ಮೀಟರ್ ಹಿಂದಕ್ಕೆ ನಡೆದು ಬರಬೇಕಿತ್ತು, ಎರಡು ನಿಮಿಷ 24 ಸೆಕೆಂಡಿನ ಕೆಲಸ.

ಈಗ ನಾನು ಆರು ಗಂಟೆಗೇ ಮನೆ ಬಿಡುತ್ತೇನೆ. ಸಂತನಾಗಿಲ್ಲ, ಎಷ್ಟೋ ದಿನ ಗೂಳೂರು ದಾಟುವಾಗ ಮುಳ್ಳು ತಾನಾಗಿ ಮೇಲೆ ಹೋಗಿರುತ್ತದೆ, ಗಮನಿಸಿ ಇಳಿಸುತ್ತೇನೆ. ತರಗತಿಯಲ್ಲಿ ಅದೇ ಎರಡು ಲೆಕ್ಕಗಳಿಂದ ಶುರು ಮಾಡುತ್ತೇನೆ. ಈಚೆಗೆ ಮೂರನೆಯದೊಂದು ಸೇರಿಸಿದ್ದೇನೆ. ಒಬ್ಬ ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದಾನೆ, 40 ಮೀಟರ್ ಮುಂದೆ ಕುರಿಮರಿಯೊಂದು ರಸ್ತೆಗೆ ಬರುತ್ತದೆ, ಅವನು ಏನು ಮಾಡಬಹುದಿತ್ತು? ಹಾಳೆಯ ಮೇಲೆ ಎಲ್ಲರೂ ಗುಣಿಸಿ ಭಾಗಿಸಿ 51ಕ್ಕೆ ಬಂದು ನಿಲ್ಲುತ್ತಾರೆ. ಮೊನ್ನೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸರ್, ಅವನು ಎಷ್ಟು ಗಂಟೆಗೆ ಮನೆ ಬಿಟ್ಟ ಅಂತ ಕೊಟ್ಟಿಲ್ವಲ್ಲ?’ ಎಂದಳು. ಪರೀಕ್ಷೆಯಲ್ಲಿ ಅದನ್ನು ಕೊಡುವುದಿಲ್ಲ ಎಂದೆ.